84 ಮೈಕ್ರಾನ್: ಮಂಗಳೂರಿನ ಒಂದು ಕಾರ್ ಡಿಟೇಲಿಂಗ್ ಅಂಗಡಿಯಲ್ಲಿ ನಾಲ್ಕು ವರ್ಷ

ಮಂಗಳೂರಿನ ಕೂಳೂರಿನಲ್ಲಿ, ರಾಷ್ಟ್ರೀಯ ಹೆದ್ದಾರಿ 66ರಿಂದ ಸ್ವಲ್ಪ ಒಳಗೆ, ತಗಡಿನ ಮಾಡು ಹೊದಿಸಿದ ಒಂದು ಡಿಟೇಲಿಂಗ್ ಅಂಗಡಿಯಿದೆ. ಡಿಟೇಲಿಂಗ್ ಎಂದರೆ ಕಾರನ್ನು ಒಳಗೂ ಹೊರಗೂ ಸೂಕ್ಷ್ಮವಾಗಿ ಸ್ವಚ್ಛ ಮಾಡಿ, ಅದರ ಬಣ್ಣವನ್ನು ಕಾಪಾಡುವ ಕೆಲಸ. 2021ರ ನವೆಂಬರಿನಿಂದ ನಾನು ಮೂರು ತಿಂಗಳಿಗೊಮ್ಮೆ ತಪ್ಪದೆ ಅಲ್ಲಿಗೆ ಕಾರನ್ನು ಒಯ್ಯುತ್ತಿದ್ದೇನೆ. ಮೂವರೇ ಕೆಲಸ ಮಾಡುವ ಜಾಗ ಅದು. ದಿನಕ್ಕೆ ಎರಡಕ್ಕಿಂತ ಹೆಚ್ಚು ಗಾಡಿ ಹಿಡಿಯುವುದಿಲ್ಲ. ಇರುವ ಗಿರಾಕಿಗಳಿಗೇ ಸಮಯ ಸಾಲುತ್ತಿಲ್ಲ, ಆದ್ದರಿಂದ ಹೆಸರು ಬರೆಯುವುದು ಬೇಡ ಎಂದು ಅವರೇ ಕೇಳಿಕೊಂಡಿದ್ದಾರೆ. ಹೆಸರಿಲ್ಲದೆಯೂ ಈ ವಿಮರ್ಶೆಯಿಂದ ಉಪಯೋಗವಿದೆ ಎಂದು ನಂಬಿದ್ದೇನೆ, ಏಕೆಂದರೆ ಒಳ್ಳೆಯ ಡಿಟೇಲಿಂಗ್ ಅಂಗಡಿಯನ್ನು ಗುರುತಿಸುವುದು ಹೇಗೆ, ಆ ಕೆಲಸಕ್ಕೆ ವರ್ಷವರ್ಷವೂ ಹಣ ಹಾಕುವುದರಲ್ಲಿ ಅರ್ಥವಿದೆಯೇ ಎಂಬ ಪ್ರಶ್ನೆಗಳು ಯಾವ ಊರಿನಲ್ಲಿ ಕಾರು ಇಟ್ಟವರಿಗೂ ಬರುವಂಥವು.

ಮೊದಲ ಸಲ ಹೋದಾಗ ನಾನು ಕೇಳಿದ್ದು ಬೇರೆಯೇ ಕೆಲಸ. ಆಗಷ್ಟೇ ಸೆಕೆಂಡ್ ಹ್ಯಾಂಡ್ ಕೊಂಡಿದ್ದ 2017ರ ಕಡುನೀಲಿ ಹ್ಯಾಚ್‌ಬ್ಯಾಕ್ ನೆರಳಿನಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಬಿಸಿಲಿಗೆ ತಂದರೆ ಮಾತ್ರ ಬಾನೆಟ್ ಮೇಲೆ ಬಿದ್ದ ಸೂರ್ಯನ ಬಿಂಬದ ಸುತ್ತ ಜೇಡರ ಬಲೆಯಂತೆ ಸಾವಿರಾರು ಸಣ್ಣ ಗೀರುಗಳು ಎದ್ದು ಕಾಣುತ್ತಿದ್ದವು. ರಬ್ಬಿಂಗ್ ಪಾಲಿಶ್ ಹೊಡೆದು ಹೊಸದರಂತೆ ಮಾಡಿಕೊಡಿ ಎಂದೆ. ಮಾಲೀಕರು ಉತ್ತರ ಕೊಡುವ ಮೊದಲು ಪೇಂಟಿನ ದಪ್ಪವನ್ನು ಅಳೆಯುವ, ಅಂಗೈಯಗಲದ ಒಂದು ಮೀಟರನ್ನು ತಂದು, ಕಾರಿನ ಮೈಮೇಲೆ ಮೂವತ್ತು ನಲವತ್ತು ಕಡೆ ಒತ್ತಿ, ಒಂದೊಂದು ಅಂಕಿಯನ್ನೂ ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ರೂಫಿನ ಮೇಲೆ 118 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು), ಎಡಗಡೆಯ ಬಾಗಿಲುಗಳಲ್ಲಿ 110ರ ಆಸುಪಾಸು, ಬಲಗಡೆಯ ಹಿಂಬಾಗಿಲಿನಲ್ಲಿ 240, ಬಾನೆಟ್ಟಿನ ನಡುಭಾಗದಲ್ಲಿ 84.

"ಈ ಹಿಂದಿನ ಡೋರಿಗೆ ಒಮ್ಮೆ ಪೇಂಟ್ ಆಗಿದೆ ಸರ್. ಬಾನೆಟ್ಟಿಗೆ ಯಾರೋ ಸುಮಾರು ಸಲ ರಬ್ಬಿಂಗ್ ಮಾಡಿಸಿದ್ದಾರೆ. ಇನ್ನು ಅದನ್ನು ಉಜ್ಜಲಿಕ್ಕೆ ನಾನು ಹೋಗುವುದಿಲ್ಲ, ನೀವು ದುಡ್ಡು ಕೊಟ್ಟರೂ ಬೇಡ" ಎಂದರು. ಆ ದಿನ ಅವರು 9,000 ರೂಪಾಯಿಯ ಕೆಲಸವನ್ನು ಬಿಟ್ಟು, 1,800 ರೂಪಾಯಿಗೆ ಚೆನ್ನಾಗಿ ತೊಳೆದು ವ್ಯಾಕ್ಸ್ ಹಚ್ಚಿ ಕಳುಹಿಸಿದರು. ನಾನು ಆ ಅಂಗಡಿಗೆ ಅಂಟಿಕೊಂಡದ್ದು ಅವತ್ತೇ.

84 ಎಂಬ ಅಂಕಿ ಏಕೆ ಅಷ್ಟು ಮುಖ್ಯ ಎಂಬುದು ತಿಳಿದರೆ ಡಿಟೇಲಿಂಗಿನ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಇಂದಿನ ಕಾರುಗಳ ತಗಡಿನ ಮೇಲೆ ಸಾಮಾನ್ಯವಾಗಿ ನಾಲ್ಕು ಪದರಗಳಿರುತ್ತವೆ. ಇಡೀ ಬಾಡಿಯನ್ನು ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ತಿನ ಸಹಾಯದಿಂದ ಕೂರಿಸುವ, ತುಕ್ಕು ತಡೆಯುವ ಪದರ ಎಲ್ಲಕ್ಕಿಂತ ಕೆಳಗಿನದು. ಅದರ ಮೇಲೆ ಪ್ರೈಮರ್, ಪ್ರೈಮರಿನ ಮೇಲೆ ಬಣ್ಣ, ಕೊನೆಯದಾಗಿ ಬಣ್ಣವಿಲ್ಲದ, ಗಾಜಿನಂತೆ ತಿಳಿಯಾದ ಕ್ಲಿಯರ್ ಕೋಟ್. ಕಾರ್ಖಾನೆಯಿಂದ ಬಂದ ಕಾರಿನಲ್ಲಿ ಇವೆಲ್ಲ ಸೇರಿ ಬಹುಮಟ್ಟಿಗೆ 100ರಿಂದ 140 ಮೈಕ್ರಾನ್ ಇರುತ್ತವೆ, ಅಂದರೆ ನಾವು ಪ್ರಿಂಟ್ ತೆಗೆಯುವ ಹಾಳೆಗಿಂತ ಸ್ವಲ್ಪವೇ ಹೆಚ್ಚಿನ ದಪ್ಪ. ಅದರಲ್ಲಿ ಕ್ಲಿಯರ್ ಕೋಟಿನ ಪಾಲು 40 ಮೈಕ್ರಾನಿನ ಆಸುಪಾಸು. ನಾವು ಹೊಳಪು ಎನ್ನುವುದು ಈ ಪದರದ ನುಣುಪನ್ನು; ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆದು ಕೆಳಗಿನ ಬಣ್ಣವನ್ನು ಕಾಯುವುದೂ ಇದೇ ಪದರ. ಗೀರು ಹೋಗಬೇಕಾದರೆ ಆ ಗೀರಿನ ತಳದವರೆಗೆ ಸುತ್ತಲಿನ ಕ್ಲಿಯರ್ ಕೋಟನ್ನೇ ಸವೆಸಬೇಕು. ಒಮ್ಮೆ ಕಾಂಪೌಂಡ್ ಎಂಬ ಉಜ್ಜುವ ಪೇಸ್ಟ್ ಹಾಕಿ ಮೆಷಿನ್ ಓಡಿಸಿದರೆ ಕೆಲವು ಮೈಕ್ರಾನ್ ಹೋಗುತ್ತದೆ, ಹೋದದ್ದು ಮರಳಿ ಬರುವುದಿಲ್ಲ. ಇದು ತೆಗೆಯುವುದಕ್ಕೆ ಮಾತ್ರ ಬರುವ, ತುಂಬಿಸುವುದಕ್ಕೆ ಬಾರದ ಇಡಗಂಟು. ಅದು ಮುಗಿದ ಕಾರುಗಳನ್ನು ಎಲ್ಲರೂ ನೋಡಿರುತ್ತೇವೆ: ರೂಫಿನ ಮೇಲೆ, ಬಾನೆಟ್ಟಿನ ಮೇಲೆ ಸುಟ್ಟ ಚರ್ಮದಂತೆ ಬೆಳ್ಳಗೆ ಸಿಪ್ಪೆ ಎದ್ದಿರುತ್ತದೆ. ಆಮೇಲೆ ಹೊಸದಾಗಿ ಪೇಂಟ್ ಮಾಡಿಸದೆ ಗತಿಯಿಲ್ಲ.

ನಿಯಮಿತವಾಗಿ ಡಿಟೇಲಿಂಗ್ ಮಾಡಿಸುವುದು ಏಕೆ ಎಂಬುದಕ್ಕೆ ನನ್ನ ಉತ್ತರ ಇದರಲ್ಲಿಯೇ ಇದೆ. ಪಾಲಿಶ್ ಮಾಡಿಸಬೇಕಾದ ಸಂದರ್ಭವನ್ನು ಆದಷ್ಟು ಮುಂದೂಡುವುದು, ಸಾಧ್ಯವಾದರೆ ಬಾರದಂತೆಯೇ ನೋಡಿಕೊಳ್ಳುವುದು ಅದರ ಉದ್ದೇಶ. ವರ್ಷಕ್ಕೊಮ್ಮೆ ದೀಪಾವಳಿಗೆ ರಬ್ಬಿಂಗ್ ಮಾಡಿಸಿ ಉಳಿದ ಹನ್ನೊಂದು ತಿಂಗಳು ಕಾರನ್ನು ಹೇಗೆಂದರೆ ಹಾಗೆ ಒರೆಸುವುದು ಕಾರಿನ ಕಾಳಜಿಯಂತೆ ಕಂಡರೂ ನಿಜದಲ್ಲಿ ಕಾರನ್ನು ಸವೆಸುವ ಕ್ರಮ. ನನ್ನ ಕಾರಿನ ಬಾನೆಟ್ 84ಕ್ಕೆ ಇಳಿದದ್ದು ಬಹುಶಃ ಹೀಗೆಯೇ, ಹಿಂದಿನ ಮಾಲೀಕರ ಪ್ರೀತಿಯಿಂದಲೇ.

ಆ ಗೀರುಗಳಾದರೂ ಎಲ್ಲಿಂದ ಬರುತ್ತವೆ? ಹೆಚ್ಚಿನವು ಬರುವುದು ರಸ್ತೆಯಿಂದಲ್ಲ, ತೊಳೆಯುವ ಕೈಯಿಂದ. ಅಂಗಳದಲ್ಲಿ ಒಂದು ಬಕೆಟ್ ನೀರು, ಅದಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್, ಕೈಯಲ್ಲಿ ಹಳೆಯ ಬೈರಾಸು: ನಾನೂ ವರ್ಷಗಟ್ಟಲೆ ಹೀಗೆಯೇ ತೊಳೆದವನು. ಬಾಗಿಲಿನ ಅಡಿಭಾಗದ ಮರಳು ಬಟ್ಟೆಗೆ ಅಂಟುತ್ತದೆ, ಬಟ್ಟೆಯಿಂದ ಬಕೆಟಿಗೆ ಇಳಿಯುತ್ತದೆ, ಬಕೆಟಿನಿಂದ ಮತ್ತೆ ಬಾನೆಟ್ಟಿಗೆ ಏರುತ್ತದೆ. ನಾವು ಭಕ್ತಿಯಿಂದ ಉಜ್ಜುತ್ತೇವೆ. ಪಾತ್ರೆಯ ಜಿಡ್ಡು ತೆಗೆಯಲು ಮಾಡಿದ ಲಿಕ್ವಿಡ್ ಹಚ್ಚಿದ್ದ ವ್ಯಾಕ್ಸನ್ನೂ ತೆಗೆದುಬಿಡುತ್ತದೆ. ವಾಟರ್ ವಾಶ್ ಮಾಡುವ ಅನೇಕ ಕಡೆಗಳಲ್ಲಿಯೂ ಬೆಳಗಿನಿಂದ ಸಂಜೆಯವರೆಗೆ ಎಲ್ಲ ಗಾಡಿಗಳಿಗೂ ಅದೇ ಸ್ಪಂಜು, ಅದೇ ಬಟ್ಟೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ನಸುಕಿನಲ್ಲಿ ಬಂದು ಹತ್ತಾರು ಕಾರುಗಳನ್ನು ಒಂದೇ ಬಕೆಟಿನ ನೀರಿನಲ್ಲಿ ಒರೆಸುವವರದೂ ಇದೇ ಕಥೆ. ಅದು ಅವರ ತಪ್ಪಲ್ಲ, ಅವರಿಗೆ ಕೊಟ್ಟಿರುವ ಸಮಯ ಮತ್ತು ಸಾಮಾನು ಅಷ್ಟೇ. ನನ್ನ ಅಕ್ಕನ ಮನೆಯಲ್ಲಿ ಈಗ ಆ ಕೆಲಸದವರಿಗೆ ಎರಡು ಮೈಕ್ರೋಫೈಬರ್ ಬಟ್ಟೆ ಕೊಟ್ಟು, ಒಣ ಧೂಳನ್ನು ಒರೆಸಬೇಡಿ, ಗಾಜು ಮಾತ್ರ ಸ್ವಚ್ಛ ಮಾಡಿದರೆ ಸಾಕು ಎಂದು ಹೇಳಿದ್ದಾರೆ. ಸಂಬಳ ಕಡಿಮೆ ಮಾಡಿಲ್ಲ.

ಕೂಳೂರಿನ ಅಂಗಡಿಯಲ್ಲಿ ಬಟ್ಟೆ ಕಾರಿಗೆ ತಾಗುವ ಮೊದಲೇ ಅರ್ಧ ಗಂಟೆಯ ಕೆಲಸ ನಡೆದಿರುತ್ತದೆ. ಮೊದಲು ಟಯರು, ರಿಮ್ಮು, ಮಡ್‌ಗಾರ್ಡಿನ ಒಳಭಾಗ. ಅವಕ್ಕೆ ಬೇರೆಯೇ ಬಕೆಟ್, ಬೇರೆಯೇ ಬ್ರಷ್. ಆಮೇಲೆ ಪ್ರೆಷರ್ ನೀರಿನಿಂದ ಮೇಲಿನಿಂದ ಕೆಳಗೆ ಮಣ್ಣನ್ನು ಇಳಿಸಿ, ದಪ್ಪ ನೊರೆಯನ್ನು ಹೊದಿಸಿ, ಅದು ಒಣಗುವ ಮೊದಲೇ ಇನ್ನೊಮ್ಮೆ ನೀರು ಬಿಡುತ್ತಾರೆ. ಸಡಿಲವಾದದ್ದೆಲ್ಲ ಹೋದ ಮೇಲೆಯೇ ಉದ್ದ ನಾರಿನ ಕೈಗವಸು ಹೊರಗೆ ಬರುವುದು. ಒಂದು ಬಕೆಟಿನಲ್ಲಿ ಶಾಂಪೂ, ಇನ್ನೊಂದರಲ್ಲಿ ಬರಿಯ ನೀರು. ಒಂದು ಬಾಗಿಲು ಮುಗಿದೊಡನೆ ಕೈಗವಸನ್ನು ಬರಿಯ ನೀರಿನಲ್ಲಿ ಜಾಲಾಡಿಸಿ ಆಮೇಲಷ್ಟೇ ಶಾಂಪೂವಿಗೆ ಅದ್ದುತ್ತಾರೆ. ಎರಡೂ ಬಕೆಟುಗಳ ತಳದಲ್ಲಿ ಜಾಲರಿಯಿರುವುದರಿಂದ ಮರಳು ಕೆಳಗೆ ಕುಳಿತರೆ ಮೇಲೆ ಏಳುವುದಿಲ್ಲ. ಒಣಗಿಸುವಾಗ ದಪ್ಪ ಟವೆಲನ್ನು ಹಾಸಿ ಒತ್ತುತ್ತಾರೆ, ಎಳೆಯುವುದಿಲ್ಲ. ಕನ್ನಡಿ, ಹ್ಯಾಂಡಲ್, ಲೈಟುಗಳ ಸಂದಿಯಲ್ಲಿ ನಿಂತ ನೀರನ್ನು ಬ್ಲೋವರಿನಿಂದ ಹೊರಗೆ ಹಾಕುತ್ತಾರೆ. ಇಷ್ಟಾದ ಮೇಲೆ ಮಾಲೀಕರು ತೆಳುವಾದ ಪ್ಲಾಸ್ಟಿಕ್ ಚೀಲವನ್ನು ಕೈಗೆ ಹಾಕಿಕೊಂಡು ಬಾನೆಟ್ಟನ್ನು ಸವರಿ ನೋಡುತ್ತಾರೆ. ಬರಿಗೈಗೆ ನುಣುಪೆನಿಸಿದ್ದು ಚೀಲದೊಳಗಿನ ಬೆರಳಿಗೆ ಮರಳುಕಾಗದದಂತೆ ತಾಗಿದರೆ ಕ್ಲೇ, ಅಂದರೆ ಬಣ್ಣಕ್ಕೆ ಅಂಟಿದ ಕೊಳೆಯನ್ನು ಎತ್ತಿ ತೆಗೆಯುವ ಜೇಡಿಮಣ್ಣಿನಂಥ ಮುದ್ದೆ, ಹಿಡಿಯುವ ಸಮಯ ಬಂದಿದೆ ಎಂದರ್ಥ. ನುಣುಪಾಗಿದ್ದರೆ ಕ್ಲೇ ಹಚ್ಚುವುದೇ ಇಲ್ಲ, ಏಕೆಂದರೆ ಕ್ಲೇ ಕೂಡ ಬಹಳ ಸಣ್ಣ ಗೀರುಗಳನ್ನು ಬಿಡಬಲ್ಲದು. ಬ್ರೇಕಿನಿಂದ ಉದುರಿದ ಕಬ್ಬಿಣದ ಪುಡಿಯನ್ನು ಕರಗಿಸುವ ದ್ರವವನ್ನು ರಿಮ್ಮಿಗೆ ಚಿಮುಕಿಸಿದಾಗ ಅದು ನೇರಳೆ ಬಣ್ಣಕ್ಕೆ ತಿರುಗಿ ಹರಿಯುವುದನ್ನು ಮೊದಲ ಬಾರಿ ಕಂಡಾಗ, ತೊಳೆದು ಸ್ವಚ್ಛವಾದ ರಿಮ್ಮಿನಲ್ಲಿ ಇನ್ನೂ ಎಷ್ಟು ಕೂತಿತ್ತು ಎಂದು ಬೆರಗಾಯಿತು. ವಾಸನೆ ಮಾತ್ರ ಕೊಳೆತ ಮೊಟ್ಟೆಯದು.

ಕರಾವಳಿಯಲ್ಲಿ ಕಾರು ಇಟ್ಟವರಿಗೆ ಈ ಕೆಲಸ ಉಳಿದವರಿಗಿಂತ ಹೆಚ್ಚು ಬೇಕು ಎಂಬುದು ನನ್ನ ಅನುಭವ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ಇದು. ಕಡಲ ಗಾಳಿಯಲ್ಲಿ ಬರುವ ಉಪ್ಪು ತೇವವನ್ನು ಹಿಡಿದಿಟ್ಟುಕೊಂಡು ತುಕ್ಕಿಗೆ ವೇಗ ಕೊಡುತ್ತದೆ. ಮುರಕಲ್ಲಿನ ಕೆಂಪು ಮಣ್ಣು ಚಕ್ರದ ಗೂಡಿನೊಳಗೆ ಸೇರಿ ತಿಂಗಳುಗಟ್ಟಲೆ ಹಸಿಯಾಗಿಯೇ ಇರುತ್ತದೆ. ನಮ್ಮ ಕಾರು ನಿಲ್ಲುವುದು ಮಾವಿನ ಮರದ ಕೆಳಗೆ. ಏಪ್ರಿಲಿನಲ್ಲಿ ಕಾಯಿಯ ತೊಟ್ಟಿನಿಂದ ತೊಟ್ಟಿಕ್ಕುವ ಸೊನೆ ನಮ್ಮ ಚರ್ಮವನ್ನು ಸುಡುವಂತೆ ಬಣ್ಣವನ್ನೂ ಸುಡುತ್ತದೆ. ಹಕ್ಕಿಯ ಹಿಕ್ಕೆಯದು ಅದಕ್ಕಿಂತ ಕೆಟ್ಟ ಕೆಲಸ. ಅದರಲ್ಲಿ ಯೂರಿಕ್ ಆಮ್ಲವಿರುತ್ತದೆ. ಬಿಸಿಲಿಗೆ ಮೆದುವಾಗಿ ಹಿಗ್ಗಿದ ಕ್ಲಿಯರ್ ಕೋಟ್ ಸಂಜೆ ತಣ್ಣಗಾಗುವಾಗ ಒಣಗಿ ಗಟ್ಟಿಯಾದ ಹಿಕ್ಕೆಯ ಸುತ್ತ ಅಚ್ಚು ಒತ್ತಿದಂತೆ ಕೂತುಬಿಡುತ್ತದೆ. ಮೇಲೆ ವ್ಯಾಕ್ಸ್ ಅಥವಾ ಸೀಲಂಟ್ ಎಂಬ ಕೃತಕ ರಕ್ಷಣಾ ಪದರ ಇದ್ದರೆ ಅದು ಮೊದಲ ಪೆಟ್ಟನ್ನು ತಾನು ತಿಂದು ನಮಗೆ ಒಂದಷ್ಟು ಗಂಟೆಗಳ ಅವಕಾಶ ಕೊಡುತ್ತದೆ. ಅದಕ್ಕಾಗಿ ನಾನು ವರ್ಷದ ದೊಡ್ಡ ಕೆಲಸವನ್ನು ಪತ್ತನಾಜೆಗೆ (ಮಳೆಗಾಲಕ್ಕೆ ಮುನ್ನ, ಮೇ ಕೊನೆಯ ಹೊತ್ತಿಗೆ ತುಳುನಾಡಿನಲ್ಲಿ ಆಚರಿಸುವ ದಿನ) ಮೊದಲು, ಮೇ ತಿಂಗಳ ನಡುವಿನಲ್ಲಿ ಮಾಡಿಸುತ್ತೇನೆ. ಮಳೆ ಶುರುವಾಗುವ ಹೊತ್ತಿಗೆ ಕಾರಿನ ಮೈಮೇಲೆ ಹೊಸ ಸೀಲಂಟ್ ಇರಬೇಕು.

ಇನ್ನೊಂದು ಸಲ ತಪ್ಪದೆ ಹೋಗುವುದು ಆಯುಧಪೂಜೆಯ ಮಾರನೆಯ ವಾರ. ನೀರಿನಲ್ಲಿ ಕಲಸಿದ ಕುಂಕುಮ, ಅರಸಿನ ಬಿಸಿ ಬಾನೆಟ್ಟಿನ ಮೇಲೆ ಎರಡು ದಿನ ಒಣಗಿದರೆ, ವಿಶೇಷವಾಗಿ ಬಿಳಿ ಕಾರುಗಳಲ್ಲಿ, ಕಲೆ ಉಳಿಯುತ್ತದೆ. ಮಾಲೆ ನಿಲ್ಲಿಸಲು ಹಚ್ಚಿದ ಟೇಪಿನ ಅಂಟು ಬಿಸಿಲಿಗೆ ಬೆಂದು ಬಣ್ಣಕ್ಕೆ ಹಿಡಿಯುತ್ತದೆ. ಪೂಜೆಯನ್ನು ನಾವು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಅಮ್ಮ ಈಗ ಕುಂಕುಮವನ್ನು ಎದುರಿನ ಗಾಜಿನ ಮೂಲೆಗೆ ಮತ್ತು ನಂಬರ್ ಪ್ಲೇಟಿಗೆ ಇಡುತ್ತಾರೆ, ಮಾಲೆಯನ್ನು ದಾರದಿಂದ ಕಟ್ಟುತ್ತೇವೆ.

ಹೊರಗಿನ ಹೊಳಪಿಗಿಂತ ನನಗೆ ಹೆಚ್ಚು ಬೆಲೆಯುಳ್ಳದ್ದೆನಿಸಿದ್ದು ಕಣ್ಣಿಗೆ ಬೀಳದ ಜಾಗಗಳಲ್ಲಿ ಅವರು ಮಾಡುವ ಕೆಲಸ. ಬಾಗಿಲುಗಳ ಅಡಿಯಂಚಿನಲ್ಲಿ ನೀರು ಇಳಿದುಹೋಗಲು ಸಣ್ಣ ರಂಧ್ರಗಳಿರುತ್ತವೆ. ಅವು ಮಣ್ಣಿನಿಂದ ಮುಚ್ಚಿದರೆ ನೀರು ಬಾಗಿಲಿನೊಳಗೇ ನಿಂತು ತಗಡನ್ನು ಒಳಗಿನಿಂದ ತಿನ್ನುತ್ತದೆ, ಹೊರಗೆ ಗುಳ್ಳೆ ಏಳುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಹಾಗೆಯೇ ವೈಪರಿನ ಕೆಳಗಿರುವ ಪ್ಲಾಸ್ಟಿಕ್ ಜಾಲರಿಯ ಒಳಗೆ ಎಲೆ, ಮಾವಿನ ಹೂವು ತುಂಬಿ ನೀರಿನ ದಾರಿ ಕಟ್ಟಿಕೊಳ್ಳುತ್ತದೆ. 2022ರ ಜುಲೈಯಲ್ಲಿ ನನ್ನ ಕಾರಿನ ಎಡಗಡೆಯ ಮ್ಯಾಟಿನ ಕೆಳಗೆ ತೇವ ಇರುವುದನ್ನು ಕಂಡುಹಿಡಿದವರು ಅಲ್ಲಿನ ಹುಡುಗರೇ. ವ್ಯಾಕ್ಯೂಮ್ ಮಾಡುವಾಗ ಕಾರ್ಪೆಟನ್ನು ಒತ್ತಿ ನೋಡುವ ಅಭ್ಯಾಸ ಅವರಿಗಿತ್ತು. ಜಾಲರಿ ಬಿಚ್ಚಿದಾಗ ಒಂದು ಮುಷ್ಟಿ ಕೊಳೆತ ಎಲೆ ಸಿಕ್ಕಿತು. ಇನ್ನೆರಡು ತಿಂಗಳು ಅದು ಗಮನಕ್ಕೆ ಬಾರದೆ ಇದ್ದಿದ್ದರೆ ನೀರು ಕೆಳಗಿನ ವೈರಿಂಗಿನವರೆಗೆ ಹೋಗುತ್ತಿತ್ತು. ಮೂರು ತಿಂಗಳಿಗೊಮ್ಮೆ ತಿಳಿದವರೊಬ್ಬರು ಕಾರಿನ ಪ್ರತಿ ಅಂಗುಲವನ್ನೂ ಕೈಯಿಂದ ಮುಟ್ಟಿ ನೋಡುತ್ತಾರೆ ಎಂಬುದೇ ಈ ಸೇವೆಯ ಅತ್ಯಂತ ದೊಡ್ಡ ಲಾಭ ಎಂದು ನಾನು ಅಂದಿನಿಂದ ಭಾವಿಸಿದ್ದೇನೆ.

ಜೋರು ಮಳೆಯ ಆಟಿ ತಿಂಗಳಲ್ಲಿ (ತುಳುವರ ಲೆಕ್ಕದಲ್ಲಿ ಜುಲೈ–ಆಗಸ್ಟ್) ಇಲ್ಲಿ ಒಂದು ವಾರ ಕಾರು ತೆಗೆಯದಿದ್ದರೆ ಸ್ಟಿಯರಿಂಗಿನ ಮೇಲೆ, ಸೀಟ್ ಬೆಲ್ಟಿನ ಮೇಲೆ ಬೂಷ್ಟು ಹಿಡಿಯುತ್ತದೆ. ಸುಗಂಧ ಸಿಂಪಡಿಸಿ ಅದನ್ನು ಮುಚ್ಚಿಡುವ ಅಂಗಡಿಗಳನ್ನು ಕಂಡಿದ್ದೇನೆ. ಇವರು ಏಸಿಯ ಕ್ಯಾಬಿನ್ ಫಿಲ್ಟರನ್ನು ಹೊರತೆಗೆದು ತೋರಿಸಿ, ಬೇಕಿದ್ದರೆ ಬದಲಿಸಿ, ಸೀಟಿನ ಬಟ್ಟೆಯೊಳಗಿನ ಕೊಳೆನೀರನ್ನು ಯಂತ್ರದಿಂದ ಹೀರಿ ತೆಗೆಯುತ್ತಾರೆ. ಡ್ಯಾಶ್‌ಬೋರ್ಡಿಗೆ ಜಾರುವಂಥ ಎಣ್ಣೆ ಹೊಳಪು ಹಚ್ಚುವುದಿಲ್ಲ, ಏಕೆಂದರೆ ಅದರ ಬಿಂಬ ಎದುರಿನ ಗಾಜಿನಲ್ಲಿ ಬಿದ್ದು ರಸ್ತೆ ಮಸುಕಾಗುತ್ತದೆ. ಗಾಜಿನ ವಿಷಯದಲ್ಲಿ ಅವರಿಗೆ ನಾನು ಋಣಿ. ಶಿರಾಡಿ ಘಾಟಿಯಲ್ಲಿ ರಾತ್ರಿ ಮಳೆಗೆ ಎದುರಿನ ಲಾರಿಯ ಬೆಳಕು ಗಾಜಿನ ತುಂಬ ಹರಡಿಕೊಂಡು ದಾರಿಯೇ ಕಾಣದಂತಾಗುತ್ತಿತ್ತು. ಕಣ್ಣಿನ ತೊಂದರೆ ಎಂದುಕೊಂಡಿದ್ದೆ. ಅದು ರಸ್ತೆಯ ಹೊಗೆಯಿಂದ ಗಾಜಿನ ಮೇಲೆ ಕೂತ ಎಣ್ಣೆಯ ಪೊರೆ. ಸೀರಿಯಂ ಆಕ್ಸೈಡ್ ಇರುವ ಪಾಲಿಶಿನಿಂದ ಗಾಜನ್ನು ಉಜ್ಜಿ, ಹಳದಿಗಟ್ಟಿದ್ದ ಹೆಡ್‌ಲೈಟಿನ ಪಾಲಿಕಾರ್ಬೊನೇಟ್ ಮುಖವನ್ನು ಹಂತಹಂತವಾಗಿ ನುಣ್ಣನೆಯ ಕಾಗದದಿಂದ ತೀಡಿ ಮೇಲೆ ಕೋಟಿಂಗ್ ಕೊಟ್ಟರು. ಎರಡಕ್ಕೂ ಸೇರಿ 2,300 ರೂಪಾಯಿ. ಘಾಟಿಯಲ್ಲಿ ಸಂಸಾರ ಕೂರಿಸಿಕೊಂಡು ಗಾಡಿ ಓಡಿಸುವವನಿಗೆ ಇದಕ್ಕಿಂತ ಸಾರ್ಥಕವಾದ ಖರ್ಚು ಇನ್ನೊಂದಿಲ್ಲ.

ಸೆರಾಮಿಕ್ ಕೋಟಿಂಗ್ ಮಾಡಿಸಿದರೆ ಇದೆಲ್ಲ ಬೇಕಾಗುವುದಿಲ್ಲವಲ್ಲ ಎಂದು ಹಲವರು ಕೇಳುತ್ತಾರೆ. ಸಿಲಿಕಾ ಆಧಾರದ ಆ ಪದರ ವ್ಯಾಕ್ಸಿಗಿಂತ ಬಹಳ ಹೆಚ್ಚು ಕಾಲ ಬಾಳುತ್ತದೆ, ನೀರನ್ನು ಕೆಸುವಿನ ಎಲೆಯಂತೆ ಉರುಳಿಸುತ್ತದೆ ಎಂಬುದು ನಿಜ. ಆದರೆ ಜಾಹೀರಾತಿನಲ್ಲಿ ಕಾಣುವ 9ಎಚ್ ಎಂಬುದು ಪೆನ್ಸಿಲಿನ ಗಡಸುತನದ ಅಳತೆ, ಹಾರಿಬರುವ ಜಲ್ಲಿಕಲ್ಲನ್ನು ಅದು ತಡೆಯಲಾರದು. ಅದಕ್ಕೆ ಪಿಪಿಎಫ್ ಎಂಬ ದಪ್ಪ ಫಿಲ್ಮೇ ಆಗಬೇಕು. ಬೋರ್‌ವೆಲ್ ನೀರು ಉರುಳದೆ ಹನಿಯಾಗಿ ನಿಂತು ಒಣಗಿದರೆ ಸುಣ್ಣದ ಉಂಗುರಗಳು ಕೋಟಿಂಗಿನ ಮೇಲೂ ಕೂರುತ್ತವೆ. ಮೇಲಾಗಿ, ಕೋಟಿಂಗಿಗೆ ಮೊದಲು ಬಣ್ಣವನ್ನು ಪಾಲಿಶ್ ಮಾಡುವುದು ವಾಡಿಕೆ, ನನ್ನ ಬಾನೆಟ್ಟಿಗೆ ಅದೇ ಕೂಡದು. ಕೋಟಿಂಗ್ ಇದ್ದ ಕಾರನ್ನೂ ಸರಿಯಾಗಿ ತೊಳೆಯಲೇಬೇಕು. 25,000 ರೂಪಾಯಿ ಒಮ್ಮೆಗೇ ಕೊಟ್ಟು ಮರೆತುಬಿಡುವುದಕ್ಕಿಂತ ಅದೇ ಹಣದಲ್ಲಿ ಎರಡು ವರ್ಷ ಕ್ರಮವಾಗಿ ನೋಡಿಕೊಳ್ಳುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ನೀರಿನ ಬಗ್ಗೆಯೂ ಹೇಳಬೇಕು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಅದು ನ್ಯಾಯವಾದ ನಿರ್ಧಾರ. ಮನೆಯ ಪೈಪನ್ನು ಹದಿನೈದು ನಿಮಿಷ ಬಿಟ್ಟರೆ ಸುಲಭವಾಗಿ 150 ಲೀಟರ್ ನೀರು ಹರಿದುಹೋಗುತ್ತದೆ. ಬರಿಯ ಧೂಳು ಹಿಡಿದ ಕಾರಿಗೆ ನೀರಿನಿಂದ ಜಾಲಿಸುವ ಅಗತ್ಯವಿಲ್ಲದ ಶಾಂಪೂ ಬಳಸಿ ಅರ್ಧ ಬಕೆಟಿನಲ್ಲಿ ಕೆಲಸ ಮುಗಿಸುವುದನ್ನು ಈ ಅಂಗಡಿಯವರೇ ನನಗೆ ಕಲಿಸಿದರು. ನಡುವಿನ ವಾರಗಳಲ್ಲಿ ಮನೆಯಲ್ಲಿ ನಾನು ಮಾಡುವುದು ಅದನ್ನೇ. ಕೆಸರು ಹಿಡಿದ ಕಾರಿಗೆ ಮಾತ್ರ ಆ ಕ್ರಮ ಸಲ್ಲದು.

ಕೊರತೆಗಳಿಲ್ಲವೆಂದಲ್ಲ. ಫೋನ್ ಮಾಡಿದರೆ ಎತ್ತುವುದು ಅಪರೂಪ, ಹಬ್ಬದ ಮುಂಚೆ ಮೂರು ವಾರ ಕಾಯಬೇಕು. ಬೆಳಿಗ್ಗೆ ಬಿಟ್ಟ ಕಾರು ಸಂಜೆ ಐದಕ್ಕೆ ಎಂದು ಹೇಳಿ ಏಳೂವರೆಗೆ ಕೈಸೇರಿದ್ದುಂಟು. ಒಮ್ಮೆ ಕಪ್ಪು ಪ್ಲಾಸ್ಟಿಕ್ ಅಂಚಿನ ಮೇಲೆ ವ್ಯಾಕ್ಸಿನ ಬಿಳಿ ಕಲೆ ಉಳಿಸಿದ್ದರು, ಮರಳಿ ಒಯ್ದಾಗ ಮಾತಿಲ್ಲದೆ ಸರಿಮಾಡಿಕೊಟ್ಟರು. ಜೋರು ಮಳೆಗಾಲದಲ್ಲಿ ಸೀಟ್ ಶಾಂಪೂ ಮಾಡಿಸುವುದು ಬೇಡ, ಪೂರ್ತಿ ಒಣಗಲು ಎರಡು ದಿನ ಹಿಡಿದು ಒಂದು ಬಗೆಯ ಮುಗ್ಗು ವಾಸನೆ ಉಳಿಯುತ್ತದೆ. ಇದನ್ನು ಅವರೇ ಮೊದಲು ಹೇಳಬೇಕಿತ್ತು. ಖರ್ಚಿನ ವಿಷಯಕ್ಕೆ ಬಂದರೆ, ವರ್ಷಕ್ಕೆ ಮೂರು ಸಲ ಮಾಮೂಲಿ ಕೆಲಸಕ್ಕೆ ಈಗ 2,200ರಂತೆ, ಮೇ ತಿಂಗಳ ಪೂರ್ತಿ ಕೆಲಸಕ್ಕೆ 5,800, ಒಟ್ಟು 12,400 ರೂಪಾಯಿ. ಇದು ಎಲ್ಲರಿಗೂ ಸಣ್ಣ ಮೊತ್ತವಲ್ಲ. ಸಮಯವಿರುವವರು ಎರಡು ಬಕೆಟ್, ಒಳ್ಳೆಯ ಶಾಂಪೂ, ನಾಲ್ಕು ಮೈಕ್ರೋಫೈಬರ್ ಬಟ್ಟೆ, ಒಂದು ಡಬ್ಬಿ ವ್ಯಾಕ್ಸ್ ಕೊಂಡು ಇದರ ಮುಕ್ಕಾಲು ಪಾಲನ್ನು ಮನೆಯ ಅಂಗಳದಲ್ಲಿಯೇ ಮಾಡಿಕೊಳ್ಳಬಹುದು. ಅಂಗಡಿಗೆ ಹೋಗುವವರು ಮಾತ್ರ, ಪಾಲಿಶ್ ಎಂಬ ಮಾತು ಬಂದೊಡನೆ, ಅಳತೆಯ ಮೀಟರ್ ಇದೆಯೇ ಎಂದು ಕೇಳಿ. ಪ್ಲಾಸ್ಟಿಕ್ ಬಂಪರಿನ ಮೇಲೆ ಆ ಸಾಮಾನ್ಯ ಮೀಟರ್ ನಡೆಯುವುದಿಲ್ಲ, ಆದರೆ ತಗಡಿನ ಭಾಗಗಳನ್ನು ಅಳೆಯದೆ ಮೆಷಿನ್ ಕೈಗೆತ್ತಿಕೊಳ್ಳುವವರ ಹತ್ತಿರ ಕಾರನ್ನು ಬಿಡಬೇಡಿ.

ಈ ಮೇ ತಿಂಗಳಲ್ಲಿ ಹೋದಾಗ ಮಾಲೀಕರು ನಾಲ್ಕು ವರ್ಷದ ಹಿಂದಿನ ನೋಟ್‌ಬುಕ್ಕನ್ನು ಹುಡುಕಿ ತೆಗೆದು, ಬಾನೆಟ್ಟಿನ ಅದೇ ಜಾಗದಲ್ಲಿ ಮೀಟರ್ ಇಟ್ಟರು. ಬಿಸಿಲಿನಲ್ಲಿ ನೋಡಿದರೆ ಹಳೆಯ ಗೀರುಗಳು ಇನ್ನೂ ಕಾಣುತ್ತವೆ, ಅವನ್ನು ನಾವು ಮುಟ್ಟಿಲ್ಲ. ಅವುಗಳ ಜೊತೆಗೆ ಹೊಸವು ಸೇರಿದಂತೆ ನನಗೆ ಕಾಣಲಿಲ್ಲ. ಮೂರು ಸಲ ಒತ್ತಿದಾಗ 83, 84, 84 ಬಂತು. ಅಷ್ಟು ಏರುಪೇರು ಮೀಟರಿನದೇ ಎಂದು ಹೇಳಿ, ಹಳೆಯ ಸಾಲಿನ ಕೆಳಗೆ ಇಂದಿನ ತಾರೀಖಿನೊಡನೆ 84 ಎಂದು ಬರೆದು, "ಇನ್ನು ಆಗಸ್ಟಿನಲ್ಲಿ ಬನ್ನಿ ಸರ್, ವೈಪರ್ ಅಡಿಯ ಎಲೆ ನೋಡಲಿಕ್ಕುಂಟು" ಎಂದರು.